ಈಜು ಬರುತ್ತದೆ ಎನ್ನುವವರೇ ಯಾಕೆ ಮುಳುಗುತ್ತಾರೆ?

ಪೆರ್ನಾಲ್ ಮರುದಿನ ಎಲ್ಲಿಗೆ ಹೋಗುವುದು ಎಂದು ಕೇಳಿದರೆ ನಮ್ಮ ಹುಡುಗರ ಬಾಯಲ್ಲಿ ಈಗ ಬರುವ ಹೊಸ ಶಬ್ದ ಕಯಾಕಿಂಗ್. ಕೆಲವು ವರ್ಷಗಳ ಹಿಂದೆ ಇದು ಫಾರಿನ್‌ನವರ ಆಟ ಎಂದುಕೊಂಡಿದ್ದೆವು. ಈಗ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ, ಮೂಲ್ಕಿಯ ಶಾಂಭವಿಯ ಹಿನ್ನೀರಿನಲ್ಲಿ ಮನೆಮಂದಿಯೆಲ್ಲ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ಹುಟ್ಟು ಹಾಕುವುದು ಸಾಮಾನ್ಯ ದೃಶ್ಯ. ಗಾಳಿ ತುಂಬಿಸುವ ಕಯಾಕ್ ಆನ್‌ಲೈನ್‌ನಲ್ಲಿಯೂ ಸಿಗುತ್ತದೆ, ಮಡಚಿದರೆ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ. ಹಾಗಾಗಿ ಹಿನ್ನೀರಿನಲ್ಲಿ ಕಲಿತ ಆಟ ಘಟ್ಟ ಹತ್ತಿ ಬೇರೆ ನೀರಿಗೂ ಹೋಗುತ್ತದೆ. ಈ ವಾರ ನಾವು ಮಾತಾಡಬೇಕೆಂದಿರುವುದು ಆ ಬೇರೆ ನೀರಿನ ಬಗ್ಗೆ.

ದೋಣಿ ಕೆಟ್ಟದ್ದೆಂದು ನಮ್ಮ ವಾದವಲ್ಲ. ನಿಂತ ನೀರಿನಲ್ಲಿ, ಜಾಕೆಟ್ ಹಾಕಿಕೊಂಡು, ಗೊತ್ತಿರುವವರ ಜೊತೆ ಹೋದರೆ ಕಯಾಕ್ ಒಳ್ಳೆಯ ಆಟವೇ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಅವರೆಲ್ಲ ಈಜು ಬಾರದವರೆಂದು ತಿಳಿಯಬೇಡಿ. ಸುದ್ದಿ ಬಂದಾಗಲೆಲ್ಲ ಮನೆಯವರು ಹೇಳುವ ಮಾತು ನಮಗೆ ಬಾಯಿಪಾಠ ಆಗಿದೆ: 'ಅವನಿಗೆ ಚೆನ್ನಾಗಿ ಈಜು ಬರುತ್ತಿತ್ತು, ಅಲ್ಲಿಗೆ ಮೊದಲೂ ಹೋಗಿದ್ದ.'

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಮ್ಮ ಓದುಗರಿಗೆ ದೂರದ ಹೆಸರುಗಳಲ್ಲ. ಘಟ್ಟದ ಮೇಲೆ ವ್ಯಾಪಾರ, ಅಡಿಕೆ ವ್ಯವಹಾರ, ನೆಂಟಸ್ತಿಕೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಉಂಟು. ನೆಂಟರ ಮನೆಗೆ ಹೋದ ಹುಡುಗರನ್ನು ಸಂಜೆ ಹೊಳೆಗೋ ಕೆರೆಗೋ ಕರೆದುಕೊಂಡು ಹೋಗುವುದೂ ಉಂಟು. ಕಡಲ ತೀರದಲ್ಲಿ ಬೆಳೆದವನಿಗೆ ಅಲ್ಲಿ ಒಂದು ಗತ್ತು ಬರುತ್ತದೆ. 'ನಾವು ಕಡಲನ್ನೇ ನೋಡಿದವರು, ಇದೆಂತ ಮಾರಾಯ?' ಅಲ್ಲಿಯವರೂ ಸೇರಿಸುತ್ತಾರೆ: 'ಏನಾಗಲ್ಲ ಬಿಡ್ರಿ.' ಈ ಎರಡು ಮಾತು ಕೂಡಿದರೆ ಮತ್ತೆ ತಡೆಯುವವರು ಯಾರೂ ಇರುವುದಿಲ್ಲ.

ಮೊದಲು ಹೊನ್ನಾಳಿಯ ಹೊಳೆ ನೋಡಿ. ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗಿ ನ್ಯಾಮತಿ, ಹೊನ್ನಾಳಿ ಕಡೆಗೆ ಬರುತ್ತದೆ. ನಮ್ಮ ನೇತ್ರಾವತಿ, ಫಲ್ಗುಣಿಯ ಅಳಿವೆ ಹತ್ತಿರದ ನೀರಿಗೆ ಒಂದು ಗಡಿಯಾರ ಉಂಟು. ಸುಮಾರು ಆರು ಗಂಟೆ ಏರಿದರೆ ಆರು ಗಂಟೆ ಇಳಿಯುತ್ತದೆ, ಮೀನುಗಾರರನ್ನು ಕೇಳಿದರೆ ಹೊತ್ತು ಹೇಳಿಬಿಡುತ್ತಾರೆ. ಹೊನ್ನಾಳಿಯ ಹೊಳೆಗೆ ಆ ಗಡಿಯಾರ ಇಲ್ಲ. ಅಲ್ಲಿ ನೀರು ಏರುವುದು ಮೇಲಿನ ಅಣೆಕಟ್ಟಿನ ಗೇಟು ತೆರೆದಾಗ.

ಇದರಲ್ಲಿ ಒಂದು ಸೂಕ್ಷ್ಮ ಉಂಟು. ಭದ್ರಾ ಜಲಾಶಯ ದೊಡ್ಡದು, 71.5 ಟಿಎಂಸಿ ನೀರು ಹಿಡಿಯುತ್ತದೆ. ಮಳೆಗಾಲದ ಮೊದಲ ನೀರನ್ನು ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟು ಹಿಡಿಯುವುದು ಬರೀ 3.24 ಟಿಎಂಸಿ. ಶೃಂಗೇರಿ, ಆಗುಂಬೆ ಕಡೆ ಎರಡು ದಿನ ಜೋರು ಮಳೆ ಬಂದರೆ ಅದು ತುಂಬಿಬಿಡುತ್ತದೆ. ಆಮೇಲೆ ಬಂದದ್ದನ್ನೆಲ್ಲ ಕೆಳಗೆ ಬಿಡಲೇಬೇಕು. ಹಾಗಾಗಿ ಹೊನ್ನಾಳಿಯಲ್ಲಿ ಬಿಸಿಲಿದ್ದು, ಆಕಾಶ ತಿಳಿಯಾಗಿದ್ದು, ದಂಡೆಯಲ್ಲಿ ಬಟ್ಟೆ ಒಣಗುತ್ತಿರುವಾಗಲೂ ಹೊಳೆ ಏರುತ್ತದೆ. ಪೇಟೆಯ ಬಾಲರಾಜ್ ಘಾಟ್‌ನ ತಗ್ಗಿನ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೇಟು ತೆರೆದ ಸುದ್ದಿ ಬಂದರೆ ಅವರು ಸಾಮಾನು ಮೇಲೆತ್ತಲು ಶುರುಮಾಡುತ್ತಾರೆ. ಹೊರಗಿನಿಂದ ಬಂದವನು ಆಕಾಶ ನೋಡಿ ನೀರಿಗಿಳಿಯುತ್ತಾನೆ. ಊರಿನವರು ಕೇಳುವುದು ಗಾಜನೂರಿನಿಂದ ಎಷ್ಟು ಬಿಟ್ಟಿದ್ದಾರೆ ಎಂದು.

ನ್ಯಾಮತಿ ಕಡೆ ಹೊಳೆಯ ನಡುವೆ ಗಡ್ಡೆಗಳಿವೆ, ಬಂಡೆಗಳಿವೆ. ಬೇಸಿಗೆಯಲ್ಲಿ ಮೊಣಕಾಲು ನೀರಿನಲ್ಲಿ ದಾಟಿದ ಜಾಗ ಅದೇ ರೂಪದಲ್ಲಿ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಆದರೆ ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಕಣ್ಣಿಗೆ 'ಸ್ವಲ್ಪ ಜೋರು' ಎಂದು ಕಾಣುವುದು ಕಾಲಿಗೆ ಸ್ವಲ್ಪ ಅಲ್ಲ. ಮರಳು ತೆಗೆದ ಹೊಳೆಯಲ್ಲಿ ಗುಂಡಿ ಎಲ್ಲಿದೆ ಎಂದು ಹೋದ ವರ್ಷ ಈಜಿದವನಿಗೂ ಗೊತ್ತಿರುವುದಿಲ್ಲ, ಮರಳಿನ ತಳ ಪ್ರತಿ ಮಳೆಗಾಲಕ್ಕೂ ಬದಲಾಗುತ್ತದೆ. ಇನ್ನೊಂದು ಮಾತು ಕರಾವಳಿಯವರಿಗೇ: ಉಪ್ಪುನೀರಿಗಿಂತ ಸಿಹಿನೀರು ಹಗುರ. ಕಡಲಿನಲ್ಲಿ ಸಲೀಸಾಗಿ ತೇಲಿದ ಮೈ ಹೊಳೆಯಲ್ಲಿ ಸ್ವಲ್ಪ ಹೆಚ್ಚೇ ಮುಳುಗುತ್ತದೆ. ವ್ಯತ್ಯಾಸ ದೊಡ್ಡದಲ್ಲ, ಆದರೆ ದಣಿದ ಹೊತ್ತಿನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಇದೇ ತುಂಗಭದ್ರೆ ಕೆಳಗೆ ಹರಿದು ಕೊಪ್ಪಳ ಜಿಲ್ಲೆಯ ಸಾಣಾಪುರಕ್ಕೆ ಹೋಗುತ್ತದೆ. 2025ರ ಫೆಬ್ರವರಿಯಲ್ಲಿ ಹೊರರಾಜ್ಯದಿಂದ ಸ್ನೇಹಿತರ ಜೊತೆ ಬಂದಿದ್ದ ಯುವ ವೈದ್ಯೆಯೊಬ್ಬರು ಅಲ್ಲಿ ಎತ್ತರದ ಬಂಡೆಯಿಂದ ಹೊಳೆಗೆ ಹಾರಿದರು. ಸೆಳವು ಎಳೆದುಕೊಂಡು ಹೋಯಿತು. ಮರುದಿನ ಸಿಕ್ಕಿದ್ದು ಮೃತದೇಹ. ಹಾರುವ ವಿಡಿಯೋ ದೇಶವೆಲ್ಲ ನೋಡಿತು. ಅವರಿಗೆ ಈಜು ಚೆನ್ನಾಗಿ ಬರುತ್ತಿತ್ತು ಎಂದೇ ವರದಿಗಳು ಹೇಳಿದವು. ಜನ ಕಮೆಂಟಿನಲ್ಲಿ 'ಹುಚ್ಚುತನ' ಎಂದು ಬರೆದು ಸುಮ್ಮನಾದರು. ನಮಗೆ ಅದು ಒಪ್ಪಿಗೆ ಇಲ್ಲ. ಆ ಹೊತ್ತಿಗೆ ಅವರ ಎದುರಿದ್ದದ್ದು ತಿಳಿಯಾಗಿ ಕಾಣುವ ನೀರು, ಹುರಿದುಂಬಿಸುವ ಗೆಳೆಯರು, ತನ್ನ ಮೈಯ ಮೇಲೆ ತನಗಿದ್ದ ನಂಬಿಕೆ. ನಮ್ಮ ಮನೆಯ ಮಕ್ಕಳೂ ಇದೇ ಮೂರನ್ನು ಹಿಡಿದುಕೊಂಡು ನೀರಿಗಿಳಿಯುತ್ತಾರೆ. ಹುಚ್ಚು ಎಂದು ಹೆಸರಿಟ್ಟರೆ ನಾವು ಬಚಾವ್, ಯಾಕೆಂದರೆ ನಮ್ಮ ಮಕ್ಕಳು ಹುಚ್ಚರಲ್ಲವಲ್ಲ.

ಚನ್ನಗಿರಿಯ ನೀರು ಬೇರೆ ತರಹದ್ದು. ಸೂಳೆಕೆರೆ, ಅಂದರೆ ಶಾಂತಿಸಾಗರ, ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದೆಂದು ಹೆಸರಾದದ್ದು. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು. ಏರಿಯ ಮೇಲೆ ನಿಂತು ನೋಡಿದರೆ ಶಾಂತ. ಇಲ್ಲಿ ಸೆಳವು ಇಲ್ಲವಲ್ಲ, ಕಯಾಕಿಗೆ ಹೇಳಿ ಮಾಡಿಸಿದ ಜಾಗ ಎಂದು ಯಾರಿಗಾದರೂ ಅನಿಸಬೇಕು. ಇಂಥ ಅಗಲ ನೀರಿನಲ್ಲಿ ಕಯಾಕಿಗೆ ವೈರಿ ಗಾಳಿ. ದಂಡೆಯ ಕಡೆಯಿಂದ ಗಾಳಿ ಬೀಸುವಾಗ ಹೊರಟರೆ ದೋಣಿ ತಾನಾಗಿಯೇ ಓಡುತ್ತದೆ, ಹುಟ್ಟು ಹಾಕಲು ನನಗೆ ಎಷ್ಟು ಸುಲಭ ಎಂದು ಹೊಸಬನಿಗೆ ಖುಷಿ. ದಂಡೆಯ ಹತ್ತಿರ ಅಲೆಯೂ ಕಾಣುವುದಿಲ್ಲ. ಒಂದು ಕಿಲೋಮೀಟರ್ ಹೋಗಿ ತಿರುಗಿದಾಗ ತಿಳಿಯುತ್ತದೆ, ಬಂದದ್ದು ತೋಳಿನ ಬಲದಿಂದಲ್ಲ, ಗಾಳಿಯಿಂದ ಎಂದು. ಗಾಳಿ ತುಂಬಿದ ಕಯಾಕ್ ಆದರೆ ಕತೆ ಇನ್ನೂ ಕಷ್ಟ. ಹಗುರವಾದ ಅದು ನೀರಿನಲ್ಲಿ ಕೂರುವುದಿಲ್ಲ, ಎಲೆಯ ಹಾಗೆ ಜಾರುತ್ತದೆ. ತಿಳಿದವರು ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿಯ ಜೊತೆ ಮರಳುತ್ತಾರೆ. ದಣಿದಾಗ ಮನೆಗೆ ತಲುಪಿಸುವುದು ಗಾಳಿಯೇ ಆಗಿರಬೇಕು.

ಚನ್ನಗಿರಿಯ ಮತ್ತೊಂದು ನೀರು ಭದ್ರಾ ಬಲದಂಡೆ ನಾಲೆ. ಊರವರು ಚಾನಲ್ ಎನ್ನುತ್ತಾರೆ. ಆಳ ಹೆಚ್ಚಿಲ್ಲ, ಅಗಲವೂ ಹೆಚ್ಚಿಲ್ಲ, ನೋಡಿದರೆ ಹೆದರಿಕೆ ಬರುವುದೇ ಇಲ್ಲ. ಆದರೆ ಕಾಂಕ್ರೀಟ್ ಹಾಕಿದ ನಾಲೆಯ ಇಳಿಜಾರು ಗೋಡೆಗೆ ಪಾಚಿ ಕಟ್ಟಿದ್ದರೆ ಒಳಗೆ ಬಿದ್ದವನಿಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಈಜು ಬಂದರೂ ಹತ್ತಲು ಆಗುವುದಿಲ್ಲ. ಮುಂದೆ ಎಲ್ಲೋ ಮೆಟ್ಟಿಲು ಸಿಗುವವರೆಗೆ ಕೊಚ್ಚಿಕೊಂಡು ಹೋಗಬೇಕು, ಅದರ ಮೊದಲು ಗೇಟು, ಸೇತುವೆ, ಸುರಂಗದ ಬಾಯಿ ಬಾರದಿದ್ದರೆ. ನಮ್ಮ ಕಡೆ ತುಂಬೆಯಂಥ ಕಿಂಡಿ ಅಣೆಕಟ್ಟಿನ ಕೆಳಗೂ ಹಾಗೆಯೇ ಒಂದು ಮೋಸ ಉಂಟು. ಕಟ್ಟೆಯಿಂದ ಧುಮುಕಿದ ನೀರು ಮೇಲ್ಮೈಯಲ್ಲಿ ತಿರುಗಿ ಕಟ್ಟೆಯ ಬುಡಕ್ಕೇ ಎಳೆಯುತ್ತದೆ. ದೋಣಿಯೂ ಮನುಷ್ಯನೂ ಅದರೊಳಗೆ ಸುತ್ತುತ್ತಲೇ ಇರಬೇಕು. ಹೊರದೇಶಗಳಲ್ಲಿ ನುರಿತ ಕಯಾಕ್‌ನವರೇ ಇಂಥ ಗಿಡ್ಡ ಕಟ್ಟೆಗಳ ಕೆಳಗೆ ಜೀವ ಬಿಟ್ಟಿದ್ದಾರೆ.

ಜಗಳೂರಿನಲ್ಲಿ ನೀರೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಬರದ ತಾಲೂಕು ಅದು, ನಿಜ. ಹರಿಹರ ಹತ್ತಿರದ ದೀಟೂರಿನಿಂದ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಚಿತ್ರ ಬದಲಾಗಿದೆ. ಒಣ ಕೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದ ಮಕ್ಕಳ ಎದುರು ಈಗ ತುಂಬಿದ ಕೆರೆ. ಜನರ ಸಂತೋಷಕ್ಕೆ ಕಾರಣವಿದೆ, ನಮಗೂ ಸಂತೋಷವೇ. ಆದರೆ ನೀರು ನೋಡದ ಊರಿಗೆ ನೀರು ಬಂದಾಗ ಅದರ ಜೊತೆ ನೀರಿನ ತಿಳಿವಳಿಕೆ ಪೈಪಿನಲ್ಲಿ ಬರುವುದಿಲ್ಲ. ಬರದ ವರ್ಷಗಳಲ್ಲಿ ಹೂಳೆತ್ತಿದ, ಮಣ್ಣು ತೆಗೆದ ಕೆರೆಯ ತಳ ಒಂದೇ ಸಮ ಇರುವುದಿಲ್ಲ, ಸೊಂಟದ ನೀರಿನಿಂದ ಒಂದು ಹೆಜ್ಜೆಗೆ ಎರಡಾಳು ಗುಂಡಿ. ಒಣಗಿದಾಗ ಅಂಗಳದಲ್ಲಿ ಬೆಳೆದ ಬಳ್ಳಾರಿ ಜಾಲಿ ಈಗ ನೀರಿನಡಿ ಮುಳ್ಳು ಚಾಚಿ ನಿಂತಿರುತ್ತದೆ. ಗಾಳಿಯ ಕಯಾಕ್ ಹರಿಯಲು ಒಂದು ಮುಳ್ಳು ಸಾಕು, ಕಾಲು ಸಿಕ್ಕಿಬೀಳಲು ಒಂದು ಕೊಂಬೆ.

ಕೃಷಿಹೊಂಡದ್ದು ಬೇರೆಯೇ ಸಂಕಟ. 2014ರ ಕೃಷಿಭಾಗ್ಯ ಯೋಜನೆಯ ನಂತರ ಒಣ ತಾಲೂಕುಗಳ ಹೊಲಹೊಲದಲ್ಲೂ ಬಂದ ಹೊಂಡಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಒದ್ದೆ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ. ಎಂಟು ಹತ್ತು ಅಡಿಯ ಹೊಂಡ, ಅಕ್ಕಪಕ್ಕ ಜನ ಇಲ್ಲ. ಬೇಲಿ ಹಾಕಬೇಕೆಂಬ ನಿಯಮ ಉಂಟು, ಎಲ್ಲೆಲ್ಲೂ ಬೇಲಿ ಇಲ್ಲ. ಅಂಚಿಗೆ ಒಂದು ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟರೆ ಬಿದ್ದ ಮಗು ಹಿಡಿದುಕೊಂಡು ಹತ್ತಬಹುದು. ನೂರಿನ್ನೂರು ರೂಪಾಯಿಯ ಕೆಲಸ ಇದು. ಅಲ್ಲಿ ನೆಂಟರ ಹೊಲ ಇದ್ದವರು ಇವತ್ತೇ ಫೋನ್ ಮಾಡಿ ಹೇಳಬಹುದು.

ಗೊತ್ತಿದ್ದವನೇ ಯಾಕೆ ಎಡವುತ್ತಾನೆ? ಇದಕ್ಕೆ ನೀರಿನ ಹೊರಗೂ ಉತ್ತರ ಹುಡುಕಿದ್ದಾರೆ. ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕ 1972ರಿಂದ 2003ರವರೆಗೆ ಅಲ್ಲಿ ಸಂಭವಿಸಿದ 715 ಹಿಮಕುಸಿತದ ಅವಘಡಗಳನ್ನು ಕೂತು ಓದಿದ. ತರಬೇತಿ ಪಡೆದವರೂ ತಮಗೆ ಪರಿಚಯದ ಗುಡ್ಡದಲ್ಲಿ ತರಬೇತಿ ಇಲ್ಲದವರಷ್ಟೇ ಅಪಾಯ ಮೈಮೇಲೆ ಎಳೆದುಕೊಂಡಿದ್ದರು. ಪರಿಚಯದ ಜಾಗ, ಗುಂಪಿನಲ್ಲಿ ಒಬ್ಬ 'ಗೊತ್ತಿದ್ದವನು', ಇಷ್ಟು ದೂರ ಬಂದೆವಲ್ಲ ಎಂಬ ಹಟ, ಬೇರೆಯವರೂ ಹೋಗುತ್ತಿದ್ದಾರಲ್ಲ ಎಂಬ ಧೈರ್ಯ — ಇಂಥವು ಸೇರಿ ಕಣ್ಣೆದುರಿನ ಸೂಚನೆಯನ್ನು ಮುಚ್ಚಿಬಿಟ್ಟಿದ್ದವು. ಹಿಮದ ಜಾಗದಲ್ಲಿ ಹೊಳೆ ಎಂದು ಓದಿದರೆ ಇದು ನಮ್ಮದೇ ಪಿಕ್‌ನಿಕ್. ಎಂಟು ಮಂದಿ ಹುಡುಗರು, ಅವರಲ್ಲಿ ದೊಡ್ಡವನು ಮೊದಲು ಇಳಿಯುತ್ತಾನೆ. ಉಳಿದವರು ನೀರನ್ನು ನೋಡುವುದೇ ಇಲ್ಲ. 'ಕಾಕ ಇದ್ದಾರಲ್ಲ' ಎಂದು ಕಾಕನನ್ನು ನೋಡುತ್ತಾರೆ. ಎಲ್ಲರೂ ನೋಡುತ್ತಿರುವುದರಿಂದ ಕಾಕನಿಗೂ ಹಿಂದೆ ಸರಿಯಲು ನಾಚಿಕೆ.

ನೀರಿನ ಇನ್ನೊಂದು ಗುಣ, ಅದು ತಪ್ಪಿಗೆ ಒಡನೆ ದಂಡ ಹಾಕುವುದಿಲ್ಲ. ಬೈಕಿನಲ್ಲಿ ಅತಿವೇಗ ಹೋದವನು ಎರಡು ಸಲ ಬಿದ್ದು ಮೊಣಕಾಲು ಸುಲಿದುಕೊಂಡು ಸ್ವಲ್ಪ ಕಲಿಯುತ್ತಾನೆ. ಹೊಳೆಯಲ್ಲಿ ಹತ್ತು ಸಲ ತಪ್ಪು ಮಾಡಿದರೂ ಹತ್ತು ಸಲವೂ ನಗುತ್ತ ಮನೆಗೆ ಬರಬಹುದು. ಅವನು ಅದನ್ನು ಅನುಭವ ಎನ್ನುತ್ತಾನೆ. ಹನ್ನೊಂದನೆಯ ಸಲ ಗಾಜನೂರಿನ ಗೇಟು ತೆರೆದಿರುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ನಾವು ಗಮನಿಸಿದ ಒಂದು ಸಂಗತಿ ಹೇಳಬೇಕು. ಈಜು ಬಾರದ ಹೆಂಗಸರು ಜಾಕೆಟಿನ ಕೊನೆಯ ಬೆಲ್ಟನ್ನೂ ಬಿಗಿದುಕೊಂಡು ಕೂರುತ್ತಾರೆ. ಈಜು ಬರುವ ಗಂಡಸರು ಅದನ್ನು ಕುಂಡೆಯಡಿಗೆ ಹಾಕಿ ದಿಂಬು ಮಾಡಿಕೊಳ್ಳುತ್ತಾರೆ. ಫೋಟೋಗೆ ಚೆಂದ ಕಾಣುವುದಿಲ್ಲವಂತೆ! ಅಮೆರಿಕದ ಕೋಸ್ಟ್ ಗಾರ್ಡ್ ವರ್ಷವರ್ಷ ಕೊಡುವ ಲೆಕ್ಕದಲ್ಲಿ ಮೋಜಿನ ದೋಣಿಗಳ ಅವಘಡದಲ್ಲಿ ಮುಳುಗಿ ಸತ್ತವರ ಪೈಕಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಜಾಕೆಟ್ ಹಾಕಿರಲಿಲ್ಲ. ದೋಣಿ ಮಗುಚಿದ ಮೇಲೆ ನೀರಿನಲ್ಲಿ ಜಾಕೆಟ್ ಹಾಕಿಕೊಳ್ಳುತ್ತೇನೆ ಎನ್ನುವವರು ಒಮ್ಮೆ ಈಜುಕೊಳದಲ್ಲಿ ಪ್ರಯತ್ನಿಸಿ ನೋಡಲಿ.

ಕೇರಳದ ತಾನೂರಿನಲ್ಲಿ 2023ರ ಮೇ 7ರ ಭಾನುವಾರ ಏನಾಯಿತೆಂದು ನಮ್ಮ ಮನೆಗಳು ಮರೆತಿರಲಾರವು. ಮೀನುಗಾರಿಕೆ ದೋಣಿಯನ್ನು ಬದಲಾಯಿಸಿ ಮಾಡಿದ ಪ್ರವಾಸಿ ದೋಣಿ, ಮಿತಿ ಮೀರಿ ಜನ, ಕತ್ತಲಾಗುವ ಹೊತ್ತು. 22 ಮಂದಿ ಹೋದರು, ಅವರಲ್ಲಿ ಒಂದೇ ಕುಟುಂಬದ ಹತ್ತಕ್ಕೂ ಹೆಚ್ಚು ಮಂದಿ. ಅಲ್ಲಿ ದೋಷ ದೋಣಿಯವರದ್ದು, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲೂ 2022ರ ಏಪ್ರಿಲ್‌ನಲ್ಲಿ ದಾಂಡೇಲಿ ಕಡೆ ಕಾಳಿ ನದಿಯಲ್ಲಿ ಮಿತಿಗಿಂತ ಹೆಚ್ಚು ಜನ ಹತ್ತಿಸಿದ ರಾಫ್ಟ್ ನೀರಿನ ಸೆಳವಿನಲ್ಲಿ ಸಿಕ್ಕಿಬಿತ್ತು, ಅದೃಷ್ಟಕ್ಕೆ ಎಲ್ಲರೂ ಉಳಿದರು. ಆದರೆ 'ಇಷ್ಟು ಜನ ಹತ್ತಿದ್ದಾರಲ್ಲ, ಸರಿಯೇ ಇರಬೇಕು' ಎಂದು ದಂಡೆಯಲ್ಲಿ ನಿಂತವರಿಗೆ ಅನಿಸುವುದು ಬೇರೆ ಸಮಸ್ಯೆ. ಅದನ್ನು ಯಾವ ಲೈಸೆನ್ಸೂ ಸರಿಮಾಡುವುದಿಲ್ಲ.

ಸರ್ಕಾರದ ಕಡೆಯಿಂದ ಏನಿದೆ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸೋದ್ಯಮಕ್ಕೆ ಮಾರ್ಗಸೂಚಿ ತಂದಿತು, ಕಯಾಕಿಂಗಿಗೂ ಅದರಲ್ಲಿ ಜಾಗ ಉಂಟು. ಅದು ದೋಣಿ ನಡೆಸುವ ಸಂಸ್ಥೆಗಳಿಗೆ. ಡಿಕ್ಕಿಯಲ್ಲಿ ಕಯಾಕ್ ತಂದು ಹೊಳೆಗೆ ಇಳಿಸುವವನನ್ನು ಅದು ಮುಟ್ಟುವುದೇ ಇಲ್ಲ. ಅವನಿಗೆ ಇರುವುದು ತುಕ್ಕು ಹಿಡಿದ ಒಂದು ಬೋರ್ಡು: 'ಅಪಾಯ, ನೀರಿಗೆ ಇಳಿಯಬಾರದು.' ಈ ಬೋರ್ಡಿನ ಬಗ್ಗೆ ನಮ್ಮ ತಕರಾರು ಉಂಟು. ಏಪ್ರಿಲ್‌ನಲ್ಲಿ ಮೊಣಕಾಲು ನೀರು ಇರುವಾಗಲೂ ಅದು ಅಪಾಯ ಎನ್ನುತ್ತದೆ, ಜುಲೈಯಲ್ಲಿ ಹೊಳೆ ಸೇತುವೆಯ ಕಂಬ ನುಂಗುವಾಗಲೂ ಅದೇ ಅಕ್ಷರ. ಏಪ್ರಿಲ್‌ನಲ್ಲಿ ಅದನ್ನು ದಾಟಿ ಹೋಗಿ ಏನೂ ಆಗದೆ ಬಂದವನಿಗೆ ಬೋರ್ಡು ಸುಳ್ಳು ಹೇಳುತ್ತದೆ ಎಂದು ಖಾತ್ರಿಯಾಗಿರುತ್ತದೆ. ಅದರ ಬದಲು ಹೊನ್ನಾಳಿ ಸೇತುವೆಯ ಕಂಬಕ್ಕೆ ಮೂರು ಬಣ್ಣ ಬಳಿದು, ಈ ಗೆರೆ ದಾಟಿದರೆ ಯಾರೂ ಇಳಿಯಬಾರದು ಎಂದರೆ ಓದು ಬಾರದವನಿಗೂ ತಿಳಿಯುತ್ತದೆ. ನೀರು ಬಿಡುವಾಗ ನದಿ ದಂಡೆಯ ಹಳ್ಳಿಗಳಿಗೆ ಮೈಕಿನಲ್ಲಿ ಹೇಳುವ ಪದ್ಧತಿ ಹೇಗೂ ಉಂಟು, ಜನ ಈಜಲು ಸೇರುವ ಜಾಗಕ್ಕೂ ಆ ಗಾಡಿ ಹೋದರಾಯಿತು. ಜಿಲ್ಲಾಡಳಿತಕ್ಕೆ ಇದು ದೊಡ್ಡ ಖರ್ಚಿನ ಬಾಬತ್ತಲ್ಲ.

ಮುಳುಗುವವನನ್ನು ಉಳಿಸಲು ಹೋಗಿ ಮುಳುಗುವುದು ಇನ್ನೂ ದುಃಖದ್ದು. ಹೊಳೆಯೇ ಬೇಕೆಂದಿಲ್ಲ. 2024ರ ನವೆಂಬರ್‌ನಲ್ಲಿ ಉಳ್ಳಾಲ ಸಮೀಪ ಸೋಮೇಶ್ವರದ ಒಂದು ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಹೋದದ್ದು ಹೀಗೆ, ಒಬ್ಬಳ ಸಹಾಯಕ್ಕೆ ಇನ್ನೊಬ್ಬಳು ಹೋಗಿ. ಅದೇ ವರ್ಷದ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿ ಗಂಗಾವಳಿಗೆ ಬಿದ್ದಾಗ ನೌಕಾಪಡೆಯ ಮುಳುಗುಗಾರರೇ ಸೆಳವು ನೋಡಿ ದಿನಗಟ್ಟಲೆ ನೀರಿಗಿಳಿಯದೆ ಕಾದರು. ಟಿವಿ ಎದುರು ಕೂತವರು ಬೈದರು. ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ನೀರು ಇಳಿದು ಡ್ರೆಜ್ಜರ್ ಬಂದ ಮೇಲೆ. ಮುಳುಗುವುದೇ ಕೆಲಸವಾದ ಆ ಜನ ದಂಡೆಯಲ್ಲಿ ಕಾದದ್ದು ಹೇಡಿತನದಿಂದಲ್ಲ. ಇವತ್ತಿನ ನೀರು ತಮ್ಮದಲ್ಲ ಎಂದು ಅಳೆಯುವುದೂ ಅವರ ತರಬೇತಿಯ ಭಾಗ. ನಮ್ಮ ಈಜುಗಾರರಿಗೆ ಆ ಅರ್ಧ ಪಾಠ ಯಾರೂ ಕಲಿಸಿಲ್ಲ. ಉದ್ದದ ಹಗ್ಗ, ಖಾಲಿ ಮುಚ್ಚಿದ ಕ್ಯಾನ್, ಗಟ್ಟಿ ಕೋಲು, ಕೊನೆಗೆ ದುಪ್ಪಟ್ಟಾ — ದಂಡೆಯಿಂದಲೇ ಎಸೆಯಬೇಕು, ಚಾಚಬೇಕು, 112ಕ್ಕೆ ಫೋನ್ ಮಾಡಬೇಕು.

ಹಾಗಾದರೆ ಮಕ್ಕಳನ್ನು ಮನೆಯಲ್ಲಿ ಕೂರಿಸುವುದಾ ಎಂದು ಉಮ್ಮಂದಿರು ಕೇಳಬೇಡಿ, ಕೂರಿಸಿದರೂ ಕೂರುವುದಿಲ್ಲ. ಹೋಗುವ ಮೊದಲು ಮನೆಯಲ್ಲೇ ನಿರ್ಧಾರ ಆಗಿಬಿಡಲಿ: ಎಲ್ಲಿಯವರೆಗೆ, ಎಷ್ಟು ಹೊತ್ತಿಗೆ ವಾಪಸ್, ಯಾವ ಸ್ಥಿತಿಯಲ್ಲಿ ಇಳಿಯುವುದೇ ಇಲ್ಲ. ದಂಡೆಗೆ ಬಂದ ಮೇಲೆ ಮಾಡುವ ತೀರ್ಮಾನದಲ್ಲಿ ಆಸೆಯ ಪಾಲು ಜಾಸ್ತಿ. ಗುಂಪಿನಲ್ಲಿ ಅತ್ಯಂತ ಹೆದರುವವನು 'ಬೇಡ' ಎಂದರೆ ಅದು ಎಲ್ಲರಿಗೂ ಬೇಡ ಎಂಬ ಒಪ್ಪಂದ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಈಗ ನಡೆಯುವುದು ಅದರ ಉಲ್ಟಾ, ಹೆದರಿದವನನ್ನು ಗೇಲಿ ಮಾಡುವುದು. ಊರಿಗೆ ಹೊಸಬರಾದರೆ ಹರಿಗೋಲು ಹಾಕುವವರನ್ನೋ ಬಟ್ಟೆ ಒಗೆಯಲು ಬಂದವರನ್ನೋ ಒಂದು ಪ್ರಶ್ನೆ ಕೇಳಿ. 'ಇಲ್ಲಿ ಈಜಬಹುದಾ' ಎಂದು ಕೇಳಿದರೆ ಮರ್ಯಾದೆಗೆ ಹೌದು ಎಂದುಬಿಡುತ್ತಾರೆ. 'ಇಲ್ಲಿ ಯಾರಾದರೂ ಹೋಗಿದ್ದಾರಾ, ಯಾವ ಜಾಗದಲ್ಲಿ' ಎಂದು ಕೇಳಿದರೆ ಕೈ ತೋರಿಸಿ ಹೇಳುತ್ತಾರೆ.

ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟದ ಸಣ್ಣ ಪಟ್ಟಿಯೊಂದು ಬರುತ್ತದೆ, ಕರಾವಳಿಯ ನಾವು ಅದನ್ನು ಓದದೆ ಪುಟ ತಿರುಗಿಸುತ್ತೇವೆ. ಹೊನ್ನಾಳಿ, ನ್ಯಾಮತಿ ಕಡೆ ಹೊರಟವರು ಅದರಲ್ಲಿ ತುಂಗಾ, ಭದ್ರಾ ಎರಡರ ಹೊರಹರಿವನ್ನು ನೋಡಿಕೊಳ್ಳಿ, ನಿನ್ನೆಗಿಂತ ಇವತ್ತು ಹೆಚ್ಚಿದೆಯಾ ಎಂದು. ಹೆಚ್ಚಿದ್ದರೆ ಕಯಾಕ್ ಡಿಕ್ಕಿಯಲ್ಲೇ ಇರಲಿ, ಸೇತುವೆಯ ಮೇಲೆ ನಿಂತು ಹೊಳೆ ನೋಡಿ, ಪೇಟೆಯಲ್ಲಿ ಮಂಡಕ್ಕಿ ಮಿರ್ಚಿ ತಿಂದು ವಾಪಸ್ ಬನ್ನಿ.